ಮೂವತ್ತೆಂಟು ಮಂದಿಯ ಹಡಗು

ಊಟದ ಮೇಜನ್ನು ಮಾವನ ಮರದ ಹಡಗು ನುಂಗಿದ ಮೇಲೆ ಆ ಮನೆಯವರು ಅಡಿಗೆಮನೆಯಲ್ಲೇ, ಒಲೆಯ ಪಕ್ಕದ ಮೊಳದಗಲದ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು, ಒಬ್ಬಿಬ್ಬರಾಗಿ ಸರದಿಯಲ್ಲಿ ಉಣ್ಣತೊಡಗಿದರು. ಮೊದಲು ಮಾವ ಮತ್ತು ನಾಲ್ಕು ವರ್ಷದ ಮೊಮ್ಮಗಳು. ಆಮೇಲೆ ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನಾದಿನಿ. ಎಲ್ಲರದೂ ಆದ ಮೇಲೆ ಅತ್ತೆ ಮತ್ತು ಸೊಸೆ. ಎರಡು ಕೋಣೆ, ಒಂದು ನಡುಮನೆಯ ಆ ಬಾಡಿಗೆ ಮನೆಯಲ್ಲಿ ಆರಡಿ ಉದ್ದದ ವಸ್ತು ಇಡುವುದಕ್ಕೆ ಬೇರೆ ಜಾಗವಿರಲಿಲ್ಲ.

“ಈ ವಯಸ್ಸಲ್ಲಿ ನನಗೊಬ್ಬ ಸವತೀನ ತಂದು ನಡುಮನೇಲಿ ಮಲಗಿಸಿದಾರೆ,” ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. “ದಿನಾ ಮೈ ಉಜ್ಜಿ, ಎಣ್ಣೆ ಹಚ್ಚಿ, ಬಿಸಿಲಿಗೆ ಒಡ್ತಾರೆ. ನನ್ನ ಮಂಡಿಗೆ ಒಂದು ದಿನ ಎಣ್ಣೆ ಹಚ್ಚಿದ್ರೆ ಕೇಳಿ.”

ಹಾಗೆ ಹೇಳಿ ನಗುತ್ತಿದ್ದರು. ಆದರೆ ಹಡಗಿನ ಮೇಲೆ ಧೂಳು ಕೂತರೆ ಸೆರಗಿನಿಂದ ಒರೆಸುತ್ತಿದ್ದವರೂ ಅವರೇ.

ನಿಜವಾದ ಹಡಗು ನಾಲ್ಕು ವರ್ಷದ ಹಿಂದೆ, ಯುದ್ಧ ಮುಗಿಯಲು ಹನ್ನೊಂದು ದಿನ ಇರುವಾಗ, ಮಧ್ಯಾಹ್ನದ ಊಟದ ಹೊತ್ತಿಗೆ ನೀರಿನಡಿಯ ಸಿಡಿಗುಂಡು ತಗುಲಿ ಮುಳುಗಿತ್ತು. ಮೂವತ್ತೆಂಟು ಮಂದಿ ಸತ್ತರು. ಈ ಮನೆಯ ಒಬ್ಬನೇ ಮಗ, ಇಂಜಿನ್ ಕೋಣೆಯ ಮೆಕ್ಯಾನಿಕ್, ಅವರಲ್ಲಿ ಒಬ್ಬ. ನೌಕಾಪಡೆಯ ಕಚೇರಿಯಿಂದ ಬಂದ ಕಾಗದದಲ್ಲಿ ‘ಇಂಜಿನ್ ಕೋಣೆಯಲ್ಲಿ ಕರ್ತವ್ಯನಿರತರಾಗಿದ್ದಾಗ’ ಎಂದು ಬರೆದಿತ್ತು. ಅತ್ತೆಗೆ ಓದು ಬಾರದು. ಆದರೂ ಆ ಸಾಲು ಕಾಗದದಲ್ಲಿ ಎಲ್ಲಿದೆಯೆಂದು ಕೇಳಿದರೆ ತಪ್ಪದೆ ಬೆರಳಿಟ್ಟು ತೋರಿಸುತ್ತಿದ್ದರು.

ಮಾವ ಎರಕದ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ಅಚ್ಚು ಮಾಡಿ ನಿವೃತ್ತರಾದವರು. ಕಬ್ಬಿಣದಲ್ಲಿ ಏನನ್ನೇ ಎರಕ ಹೊಯ್ಯುವುದಿದ್ದರೂ ಅದರ ರೂಪವನ್ನು ಮೊದಲು ಮರದಲ್ಲಿ ಕೆತ್ತಿ ಕೊಡಬೇಕು. ಅದು ಅವರ ಕೆಲಸ. ಅಚ್ಚಿನಲ್ಲಿ ಕೂದಲೆಳೆ ತಪ್ಪಿದರೂ ಆಮೇಲೆ ಹೊಯ್ದ ಸಾವಿರ ಎರಕದಲ್ಲೂ ಅದೇ ತಪ್ಪು ಎಂಬ ಹೆದರಿಕೆಯಲ್ಲೇ ಆಯುಷ್ಯ ಕಳೆದಿದ್ದರು. ಕಾರ್ಖಾನೆಯಲ್ಲಿ ಅವರಿಗೆ ಅಳತೆಗೋಲು ಎಂಬ ಅಡ್ಡಹೆಸರು. ಅದು ಬೀದಿಗೂ ಬಂದಿತ್ತು. ಬ್ರೆಡ್ಡು ಕೊಯ್ದರೂ ಎಲ್ಲ ಚೂರೂ ಒಂದೇ ದಪ್ಪ.

ಸತ್ತವರ ಮನೆಯವರೆಲ್ಲ ಸೇರಿ ಬಂದರಿನ ಸ್ಮಾರಕದ ಕಟ್ಟಡದಲ್ಲಿ ಒಂದು ಮಾದರಿ ಹಡಗು ಇಡಿಸಬೇಕೆಂದು ಕೇಳಿಕೊಂಡಾಗ, ಕಚೇರಿಯವರು ಜಾಗ ಮತ್ತು ಗಾಜಿನ ಪೆಟ್ಟಿಗೆ ಕೊಡಲು ಒಪ್ಪಿದ್ದರು. ಹಡಗು ಮಾಡುವ ಹೊಣೆಯನ್ನು ಮಾವ ತಾವಾಗಿಯೇ ಹೊತ್ತುಕೊಂಡರು. ಐವತ್ತರಲ್ಲಿ ಒಂದು ಪಾಲಿನ ಅಳತೆ. ಮೇಲಿನ ಡೆಕ್ಕು ಹಲವು ತುಂಡುಗಳಾಗಿ ಮುಚ್ಚಳದಂತೆ ತೆಗೆಯಲು ಬರಬೇಕು. ತೆಗೆದರೆ ಒಳಗಿನ ಕೋಣೆಗಳು ಕಾಣಬೇಕು. ಆ ಹೊತ್ತು ಯಾರು ಎಲ್ಲಿದ್ದರೋ ಅಲ್ಲಿ ಮರದ ಒಂದು ಪುಟ್ಟ ಗೊಂಬೆ ನಿಂತಿರಬೇಕು. ಬಂದ ತಾಯಂದಿರಿಗೆ, ನೋಡಮ್ಮ, ನಿನ್ನ ಮಗ ಇಲ್ಲಿದ್ದ ಎಂದು ತೋರಿಸಬೇಕು. ಇದು ಅವರ ಹಟ.

ಕಚೇರಿ ಕೊಟ್ಟ ನಕ್ಷೆಯಲ್ಲಿ ಗೋಡೆ, ಅಳತೆಗಳಿದ್ದವು, ಕೋಣೆಗಳ ಹೆಸರು ಇರಲಿಲ್ಲ. ಅದು ಹೊರಗಿನವರಿಗೆ ಕೊಡುವಂಥದ್ದಲ್ಲವಂತೆ. ಹೆಸರು ಹೇಳುವುದಕ್ಕೆ ಭಾನುವಾರ ಭಾನುವಾರ ಸೌಟಣ್ಣ ಬರುತ್ತಿದ್ದ. ಹಡಗಿನ ಅಡಿಗೆಯವನಾಗಿದ್ದು ಬದುಕಿ ಬಂದವನು. ಈಗ ಒಂದು ಶಾಲೆಯ ಅಡಿಗೆಮನೆಯಲ್ಲಿದ್ದ. ಎಡಗಾಲು ಎಳೆದು ನಡೆಯುತ್ತಿದ್ದ. ಯಾವ ಕೋಣೆ, ಯಾವ ಏಣಿ, ಯಾರು ಊಟಕ್ಕೆ ಇಳಿದಿದ್ದರು, ಯಾರು ತಟ್ಟೆ ಹಿಡಿದುಕೊಂಡೇ ಹೋದರು, ಎಲ್ಲ ಅವನಿಗೆ ಬಾಯಿಪಾಠ.

ಸೊಸೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಅರುವತ್ತು ಪದರ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಕತ್ತರಿಸುವ ಕೈ. ಹೊರಗಿನ ಒಡಲನ್ನೆಲ್ಲ ಮಾವ ಕೆತ್ತಿದ ಮೇಲೆ ಒಳಗಿನ ಕೋಣೆಗಳ ನೆಲ, ಗೋಡೆಗಳನ್ನು ತೆಳು ಹಲಗೆಯಲ್ಲಿ ಕತ್ತರಿಸುವ ಕೆಲಸ ಅವಳ ಪಾಲಿಗೆ ಬಂತು. ಸಂಜೆ ಮನೆಗೆ ಬಂದು, ಬಟ್ಟೆ ಒಗೆದು, ಮಗಳಿಗೆ ತಲೆ ಬಾಚಿ, ಆಮೇಲೆ ತನ್ನ ಉಕ್ಕಿನ ಸ್ಕೇಲು ತೆಗೆದುಕೊಂಡು ಮಾವನ ಎದುರು ಕೂರುತ್ತಿದ್ದಳು. ಮಾವ ಹೊಗಳುವವರಲ್ಲ. ಅವಳು ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ ಏನೂ ಹೇಳದೆ ಕೆಳಗಿಟ್ಟರೆ ಅದೇ ಹೊಗಳಿಕೆ.

ಅವಳಿಗೆ ಈ ಕೆಲಸ ಬೇಡವಾಗಿತ್ತು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಆ ಕಾರಣವನ್ನೇ ಅವಳು ನಾಲ್ಕು ವರ್ಷದಿಂದ ಬಚ್ಚಿಟ್ಟಿದ್ದಳು. ಅದು ಅವಳ ಗಂಡನ ಕೊನೆಯ ಕಾಗದ. ಹೊಲಿಗೆ ಯಂತ್ರದ ಖಾನೆಯಲ್ಲಿ, ಹಳೆಯ ಗುಂಡಿಗಳ ಡಬ್ಬಿಯ ಕೆಳಗೆ, ಮಡಿಸಿ ಇಟ್ಟಿತ್ತು.

ಆಗ ಅವಳಿಗೆ ಎಂಟು ತಿಂಗಳಾಗಿತ್ತು. ರಕ್ತ ಹೋಗಿ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ಹೆದರಿ, ಒಂದು ಸಲ ಬಂದು ಹೋಗಿ ಎಂದು ಗಂಡನಿಗೆ ಬರೆದಿದ್ದಳು. ಅವನು ರಜೆ ಕೇಳಿದ. ಮೇಲಿನವನು, ಹೆರೋದು ನೀನೋ ಅವಳೋ ಎಂದನಂತೆ. ಇವನು ಕೈ ಮಾಡಿದ. ಹತ್ತು ದಿನ ಹಡಗಿನ ಲಾಕಪ್ಪಿಗೆ ಹಾಕಿದರು. ಇದೆಲ್ಲವೂ ಕಾಗದದಲ್ಲಿತ್ತು. ‘ಅಪ್ಪನಿಗೆ ಹೇಳಬೇಡ, ತಲೆ ತಗ್ಗಿಸ್ತಾರೆ. ಹತ್ತು ದಿನ ಆಗಲಿ, ನಾನೇ ಬಂದು ಹೇಳ್ತೀನಿ’ ಎಂದು ಕಡೆಗೆ ಬರೆದಿದ್ದ. ಆರನೆಯ ದಿನ ಹಡಗು ಮುಳುಗಿತು.

ಅವನು ಇಂಜಿನ್ ಕೋಣೆಯಲ್ಲಿ ಸಾಯಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾಕೆ ಅಲ್ಲಿರಲಿಲ್ಲ ಎಂದೂ ಗೊತ್ತಿತ್ತು. ಅವಳು ಕರೆದಿದ್ದಳು. ಇದು ಅತ್ತೆಗೆ ತಿಳಿದರೆ ಈ ಮನೆಯಲ್ಲಿ ತನಗೂ ಮಗಳಿಗೂ ಜಾಗ ಉಳಿದೀತೇ ಎಂಬ ಭಯ ಅವಳು ತುತ್ತು ಎತ್ತುವಾಗಲೂ ಜೊತೆಗಿತ್ತು. ತವರು ಎಂದು ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ.

ಹಡಗು ಒಪ್ಪಿಸುವ ದಿನಕ್ಕೆ ಒಂಬತ್ತು ವಾರ ಇರುವಾಗ ಗೊಂಬೆಗಳ ಕೆಲಸ ಶುರುವಾಯಿತು. ಕಿರುಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ನಾದಿನಿ ಆಸ್ಪತ್ರೆಯಿಂದ ಹಳೆಯ ಚಿಮಟ ತಂದುಕೊಟ್ಟಳು. ಗಾಯದಿಂದ ಗಾಜಿನ ಚೂರು ತೆಗೆಯುವಂಥದ್ದು. “ಇದರಲ್ಲಿ ಎಷ್ಟು ಜನರನ್ನ ಉಳಿಸಿದೀವಿ ಗೊತ್ತಾ ಅಪ್ಪ? ನೀವು ಸತ್ತವರನ್ನ ಹಿಡ್ಕೊಂಡು ಕೂತಿದೀರಿ,” ಎಂದಳು. ಮಾವ ಚಿಮಟದ ಬಾಯಿ ಕೂಡುತ್ತದೆಯೇ ಎಂದಷ್ಟೇ ನೋಡಿದರು.

ಮಗನ ಗೊಂಬೆಯನ್ನು ಅತ್ತೆ ತಮ್ಮ ಕಣ್ಣೆದುರೇ ಮಾಡಿಸಿದರು. ಹೆಗಲು ಇನ್ನಷ್ಟು ಅಗಲ ಮಾಡಿ ಎಂದರು. ಎಡಗೈ ಉಗಿ ಬಿಡುವ ಚಕ್ರದ ಮೇಲಿರಬೇಕು, ಅವನು ಎಡಚ ಎಂದರು. ಮುಖ ಮೇಲಕ್ಕಿರಲಿ, ಅವನು ತಲೆ ತಗ್ಗಿಸುವವನಲ್ಲ ಎಂದರು. ಮಾವ ಮೂರು ಸಲ ಕೆತ್ತಿದರು. ಇಂಜಿನ್ ಕೋಣೆಯಲ್ಲಿ ಸತ್ತ ಆರು ಮಂದಿಯ ಪಕ್ಕದಲ್ಲಿ ಏಳನೆಯವನಾಗಿ ನಿಲ್ಲಿಸಿದಾಗ ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಸೌಟಣ್ಣನನ್ನು, ಹೀಗೇ ಇದ್ನಾ ಎಂದು ಕೇಳಿದರು.

“ಹೀಗೇ ಇದ್ದ ತಾಯಿ,” ಎಂದ ಸೌಟಣ್ಣ. ಬಾಗಿಲ ಹತ್ತಿರ ನಿಂತಿದ್ದ ಸೊಸೆ ಅವನ ಮುಖ ನೋಡಿದಳು. ಅವನು ಇವಳ ಕಡೆ ತಿರುಗಲಿಲ್ಲ. ಅವನಿಗೂ ಗೊತ್ತಿದೆ ಎಂದು ಅವಳಿಗೆ ಹೊಳೆದದ್ದು ಆಗ.

ಕೋಣೆಗಳನ್ನೆಲ್ಲ ಕೂಡಿಸುವ ಹೊತ್ತಿಗೆ ಎಡವಟ್ಟಾಯಿತು. ಹಿಂಭಾಗದಿಂದ ಒಂದೊಂದೇ ಕೋಣೆಯನ್ನು ಒಡಲೊಳಗೆ ಇಳಿಸುತ್ತ ಬಂದರೆ, ಮೂತಿಯ ಹತ್ತಿರ ಹೆಬ್ಬೆರಳಗಲದ ಜಾಗ ಹೆಚ್ಚಾಗಿ ಉಳಿಯಿತು. ಮಾವ ತೆಗೆದು ಮತ್ತೆ ಇಳಿಸಿದರು. ಅಷ್ಟೇ ಉಳಿಯಿತು. ಸೊಸೆ ಕತ್ತರಿಸಿದ್ದೇ ತಪ್ಪಿರಬೇಕು ಎಂದರು. ಅವಳು ಮೂರು ಸಂಜೆ ಕೂತು ಎಲ್ಲ ತುಂಡುಗಳನ್ನೂ ನಕ್ಷೆಯ ಜೊತೆ ಅಳೆದಳು. ಒಂದರಲ್ಲೂ ಗೆರೆಯಷ್ಟು ವ್ಯತ್ಯಾಸವಿರಲಿಲ್ಲ. ಹಾಗಿದ್ದರೆ ನನ್ನ ಒಡಲು ತಪ್ಪೇ ಎಂದು ಮಾವ ತಮ್ಮ ಹಳೆಯ ಅಳತೆಪಟ್ಟಿ ಹಿಡಿದು ಅಳೆದರು. ಅದೂ ಸರಿಯಾಗಿತ್ತು. ಆ ವಾರ ಅವರು ಊಟ ಸರಿಯಾಗಿ ಮಾಡಲಿಲ್ಲ. ಅತ್ತೆ ತಟ್ಟೆಯಲ್ಲಿ ಉಳಿದ ಆಲೂಗಡ್ಡೆ ತೋರಿಸಿ, ಬೆರಳಗಲ ಜಾಗಕ್ಕೆ ಹೊಟ್ಟೆ ಯಾಕೆ ಒಣಗಿಸ್ತೀರಿ, ಒಂದು ಚಕ್ಕೆ ತುರುಕಿ ಎಂದರು.

“ಬೆರಳಗಲ ಅಲ್ಲ ಕಣೆ ಅದು,” ಎಂದರು ಮಾವ. “ನಿಜದ ಹಡಗಲ್ಲಿ ಮೂರಡಿ. ಒಬ್ಬ ಮನುಷ್ಯ ನಿಂತ್ಕೊಳ್ಳೋಷ್ಟು. ಮೂರಡಿ ಜಾಗ ಸುಮ್ಮನೆ ಎಲ್ಲಿಂದ ಬರುತ್ತೆ? ಯಾವುದೋ ಒಂದು ಕೋಣೆ ಬಿಟ್ಟುಹೋಗಿದೆ.”

ಭಾನುವಾರ ಸೌಟಣ್ಣ ಬಂದು ಟೀ ಲೋಟ ಹಿಡಿಯುವಷ್ಟರಲ್ಲಿ ಮಾವ ಕೇಳಿಯೇಬಿಟ್ಟರು. ಮೂತಿಯ ಹತ್ತಿರ, ಲಂಗರಿನ ಸರಪಣಿ ಇಡುವ ಕೋಣೆಗೂ ಹಗ್ಗದ ಕೋಣೆಗೂ ನಡುವೆ ಮೂರಡಿ ಅಗಲದ ಕೋಣೆಯೊಂದು ಇರಬೇಕು. ನೀನು ಹೇಳಿಲ್ಲ. ಯಾಕೆ ಹೇಳಿಲ್ಲ?

ಸೌಟಣ್ಣ ಲೋಟವನ್ನು ಕೆಳಗಿಟ್ಟ. ಮಾವನನ್ನು ನೋಡಲಿಲ್ಲ, ಸೊಸೆಯನ್ನು ನೋಡಿದ.

“ಹೇಳಿಬಿಟ್ಯಾ ತಂಗಿ?” ಎಂದ.

ಅಡಿಗೆಮನೆಯ ಹೊಸ್ತಿಲಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಕೈ ನಿಂತಿತು.

ಆಗಲೂ ಅವಳು ಜಾರಿಕೊಳ್ಳಬಹುದಿತ್ತು. ಏನು ಹೇಳೋದು ಸೌಟಣ್ಣ ಎಂದು ನಕ್ಕಿದ್ದರೆ ಅವನೇ ಏನಾದರೊಂದು ಹೊಂದಿಸುತ್ತಿದ್ದ. ಆದರೆ ಮಾವ ಅವಳನ್ನು ನೋಡುತ್ತಿದ್ದರು, ಹಲಗೆಯ ತುಂಡನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಅವಳು ಎದ್ದು ಹೋಗಿ ಹೊಲಿಗೆ ಯಂತ್ರದ ಖಾನೆ ಎಳೆದಳು. ಗುಂಡಿಗಳ ಡಬ್ಬಿ ಕೈಜಾರಿ ನೆಲಕ್ಕೆಲ್ಲ ಚೆಲ್ಲಿತು. ಮಗಳು ಆಟವೆಂದು ಗುಂಡಿ ಆರಿಸತೊಡಗಿದಳು.

ಕಾಗದವನ್ನು ಅವಳೇ ಓದಿದಳು. ಒಂದು ಪುಟವೂ ಇರಲಿಲ್ಲ.

ಉಳಿದದ್ದನ್ನು ಸೌಟಣ್ಣ ಹೇಳಿದ. ನಕ್ಷೆಯಲ್ಲಿ ಮಾವ ಹಗ್ಗದ ಕೋಣೆ ಎಂದು ಗುರುತು ಹಾಕಿಕೊಂಡಿದ್ದು ಹಗ್ಗದ ಕೋಣೆ ಅಲ್ಲವಂತೆ, ಅದೇ ಲಾಕಪ್ಪಂತೆ. ದಿನಕ್ಕೆ ಮೂರು ಹೊತ್ತು ಊಟ ಒಯ್ದು ಕೊಡುತ್ತಿದ್ದವನು ಅವನೇ. ಕಾಗದ ಅಂಚೆಗೆ ಹಾಕಿದವನೂ ಅವನೇ. ಕಬ್ಬಿಣದ ಬಾಗಿಲು, ಹೊರಗಡೆ ಅಗುಳಿ, ಅಗುಳಿಗೆ ಬೀಗ. ಕೀಲಿ ಕಾವಲಿನವನ ಹತ್ತಿರ. ಸಿಡಿಗುಂಡು ತಗುಲಿದಾಗ ಕಾವಲಿನವನು ಮೇಲೆ ಹೋಗಿದ್ದ, ಮತ್ತೆ ಸಿಕ್ಕಲಿಲ್ಲ.

“ನಾನು ಆ ದಾರೀಲೇ ಓಡಿದ್ದು ಯಜಮಾನ್ರೇ. ಮಂಡಿಯುದ್ದ ನೀರಿತ್ತು. ಬಾಗಿಲು ಬಡೀತಿದ್ದ. ನನ್ನ ಹೆಸರು ಹಿಡಿದು ಕೂಗಿದ. ಕೀಲಿ ತರ್ತೀನಿ ಅಂದೆ.” ಸೌಟಣ್ಣ ತನ್ನ ಎಡಗಾಲನ್ನು ನೋಡಿಕೊಂಡ. “ತರ್ತೀನಿ ಅಂದೆ, ಅಷ್ಟೆ.”

ಮಾವ ಚಿಮಟ ತೆಗೆದುಕೊಂಡು ಇಂಜಿನ್ ಕೋಣೆಯಿಂದ ಏಳನೆಯ ಗೊಂಬೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಅತ್ತೆ ನಿಧಾನವಾಗಿ ಎದ್ದು, ಮಂಡಿ ಹಿಡಿದುಕೊಂಡು, ಸೊಸೆಯ ಎದುರು ಬಂದು ನಿಂತರು.

“ನೀನು ಕರೆದೆ.”

“ಕರೆದೆ ಅತ್ತೆ.”

“ನಾನು ಎರಡು ಹೆತ್ತೆ. ಇವರು ಫ್ಯಾಕ್ಟ್ರೀಲಿದ್ರು. ಕರೆದ್ನಾ?”

ನಾದಿನಿ ನಡುವೆ ಬಂದು, ಇಂಜಿನ್ ಕೋಣೇಲಿದ್ದವರೂ ಆರು ಜನ ಸತ್ತರಲ್ಲಮ್ಮ ಎಂದಳು.

“ಐದು ಜನ ಬದುಕಿದ್ರು,” ಎಂದರು ಅತ್ತೆ. ಅದೂ ಅವರಿಗೆ ಬಾಯಿಪಾಠವೇ.

ಅವರು ಕೂಗಾಡಲಿಲ್ಲ, ಮನೆ ಬಿಟ್ಟು ಹೋಗು ಎನ್ನಲಿಲ್ಲ. ಹಾಗೆ ಅಂದಿದ್ದರೆ ಎಷ್ಟೋ ವಾಸಿ ಎಂದು ಸೊಸೆಗೆ ಆಮೇಲೆ ಅನ್ನಿಸಿತು. ಮರುದಿನದಿಂದ ಅತ್ತೆ ಊಟದ ಸರದಿ ಬದಲಿಸಿದರು. ನಾದಿನಿಯ ಜೊತೆ ಉಂಡು ಎದ್ದುಬಿಡುತ್ತಿದ್ದರು. ಸೊಸೆ ಕಡೆಗೆ ಒಬ್ಬಳೇ ಉಣ್ಣುತ್ತಿದ್ದಳು. ಅವಳು ಮಾಡಿಟ್ಟ ಪಲ್ಯವನ್ನು ಅತ್ತೆ ಮುಟ್ಟುತ್ತಿರಲಿಲ್ಲ. ತಮ್ಮ ಪಾಲಿಗೆ ಒಂದು ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದರು. ಹೇಳಬೇಕಾದ್ದನ್ನೆಲ್ಲ ಮೊಮ್ಮಗಳ ಮೂಲಕ ಹೇಳಿಸುತ್ತಿದ್ದರು. ಪುಟ್ಟಿ, ನಿಮ್ಮಮ್ಮನಿಗೆ ಹೇಳು, ಉಪ್ಪು ಮುಗಿದಿದೆ. ಪುಟ್ಟಿ, ನಿಮ್ಮಮ್ಮನಿಗೆ ಹೇಳು, ನಲ್ಲಿ ಸರಿಯಾಗಿ ನಿಲ್ಲಿಸೋಕೆ. ಎರಡು ಮಾರು ದೂರದಲ್ಲಿ ನಿಂತ ತಾಯಿಗೆ ಮಗು ಅದನ್ನೆಲ್ಲ ಅಕ್ಷರ ತಪ್ಪದೆ ಒಪ್ಪಿಸುತ್ತಿತ್ತು.

ಈ ಮನೇಗೆ ಟೆಲಿಫೋನ್ ಬೇಡ, ಪುಟ್ಟಿ ಸಾಕು ಎಂದಳು ನಾದಿನಿ. ಯಾರೂ ನಗಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಹಿಂಡುವಾಗ ಅವಳು ಅತ್ತಿಗೆಗೆ ಮೆಲ್ಲಗೆ, ನಾಲ್ಕು ವರ್ಷ ಹೊತ್ಕೊಂಡಿದ್ದೆ, ಇನ್ನು ನಾಲ್ಕು ಹೊತ್ಕೋಬಾರದಿತ್ತಾ ಅಂದಳು. ಬೈಗುಳವೋ ಮರುಕವೋ ತಿಳಿಯಲಿಲ್ಲ. ಬೇರೆ ಕೋಣೆ ಹಿಡಿಯೋಣವೇ ಎಂದು ಸೊಸೆ ಕಾರ್ಖಾನೆಯ ಒಬ್ಬಿಬ್ಬರನ್ನು ವಿಚಾರಿಸಿದಳು. ಮಗುವನ್ನು ಹಗಲು ಯಾರ ಹತ್ತಿರ ಬಿಡುತ್ತೀ ಎಂದು ಅವರು ಕೇಳಿದಾಗ ಮಾತು ಅಲ್ಲಿಗೇ ನಿಂತಿತು.

ಮಾವ ಎಂಟು ದಿನ ಹಡಗು ಮುಟ್ಟಲಿಲ್ಲ. ಒಂಬತ್ತನೆಯ ದಿನ ಸಂಜೆ ಅವಳನ್ನು ಕರೆದು, ನಿನ್ನ ಸ್ಕೇಲು ಕೊಡು ಎಂದರು. ಅದನ್ನು ತಮ್ಮ ಹಳೆಯ ಪಟ್ಟಿಯ ಪಕ್ಕದಲ್ಲಿ ಒತ್ತಿ ಇಟ್ಟು ತೋರಿಸಿದರು. ಸೊನ್ನೆಯ ಹತ್ತಿರ ಎರಡೂ ಒಂದೇ. ಮುಂದೆ ಹೋಗುತ್ತ ಹೋಗುತ್ತ ಅವರ ಪಟ್ಟಿಯ ಗೆರೆಗಳು ಸ್ವಲ್ಪ ಸ್ವಲ್ಪವೇ ಆಚೆ ಸರಿದಿದ್ದವು.

ಅದು ಎರಕದವರ ಪಟ್ಟಿ. ಕರಗಿದ ಕಬ್ಬಿಣ ಆರುವಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಅದಕ್ಕಾಗಿ ಅಚ್ಚನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ಪಟ್ಟಿಯನ್ನೇ ನೂರಕ್ಕೆ ಒಂದು ಪಾಲು ಉದ್ದ ಮಾಡಿರುತ್ತಾರೆ. ಆ ಪಟ್ಟಿ ನಲವತ್ತೊಂದು ವರ್ಷ ಅವರ ಜೇಬಿನಲ್ಲಿತ್ತು. ಮನೆಯ ಕಪಾಟು ಮಾಡಿದ್ದೂ ಅದರಲ್ಲೇ, ಮಗುವಿನ ತೊಟ್ಟಿಲು ಮಾಡಿದ್ದೂ ಅದರಲ್ಲೇ. ಮರದ ಹಡಗು ಆರಿ ಕುಗ್ಗುವುದಿಲ್ಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

“ಯಾವ ಕೋಣೇನೂ ಬಿಟ್ಟುಹೋಗಿರ್ಲಿಲ್ಲ,” ಎಂದರು. “ನನ್ನ ಪಟ್ಟಿ ತಪ್ಪು. ನಿನ್ನ ಅಳತೆ ಸರಿಯಾಗಿತ್ತು.”

ಅವಳು ಆ ಎರಡು ಪಟ್ಟಿಗಳನ್ನೇ ನೋಡುತ್ತ ಕೂತಳು. ಮಾವ ಆ ದಿನ ತಮ್ಮ ಜೇಬಿನ ಪಟ್ಟಿ ಬಿಟ್ಟು ಇವಳ ಸ್ಕೇಲಿನಿಂದ ಒಂದು ಸಲ ಅಳೆದಿದ್ದರೆ ಸೌಟಣ್ಣನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮಾವನಿಗೂ ಅದೇ ತೋರಿರಬೇಕು. ಪಟ್ಟಿಯನ್ನು ಜೇಬಿಗೆ ಹಾಕಿಕೊಳ್ಳದೆ ಕಪಾಟಿನ ಮೇಲೆ ಎಸೆದರು. ಮರುದಿನ ಒಡಲನ್ನು ನಡುವೆ ಗರಗಸದಿಂದ ಕೊಯ್ದು, ಹೆಬ್ಬೆರಳಗಲದ ಸೀಳು ತೆಗೆದು, ಮತ್ತೆ ಕೂಡಿಸಿ ಅಂಟು ಹಾಕಿದರು. ಕೊಯ್ಯುವಾಗ ಎರಡು ತುದಿಗಳನ್ನು ಹಿಡಿದುಕೊಂಡವರು ಅತ್ತೆ ಮತ್ತು ಸೊಸೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ಮಾವ ಹಗ್ಗದ ಕೋಣೆಯ ಜಾಗದಲ್ಲಿ ಲಾಕಪ್ಪು ಮಾಡಿದರು. ಸೌಟಣ್ಣ ಬರುವುದನ್ನು ನಿಲ್ಲಿಸಿದ್ದ. ಮಾವ ತಾವೇ ಅವನ ಶಾಲೆಗೆ ಹೋಗಿ, ದೊಡ್ಡ ಪಾತ್ರೆಗಳ ನಡುವೆ ನಿಂತು, ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ಅಗುಳಿ ಎಷ್ಟು ಎತ್ತರದಲ್ಲಿತ್ತು ಎಂದು ಕೇಳಿ ಬರೆದುಕೊಂಡು ಬಂದರು. ತಗಡಿನ ಬಾಗಿಲು, ಸೂಜಿಯ ತುಂಡಿನಲ್ಲಿ ಅಗುಳಿ, ಸಾಸಿವೆ ಕಾಳಿನಷ್ಟು ಬೀಗ. ಮಗನ ಗೊಂಬೆಯ ಎಡಗೈಯನ್ನು ಚಕ್ರದ ಮೇಲಿಂದ ಬಿಡಿಸಿ, ಮೇಲೆತ್ತಿ, ಮುಷ್ಟಿ ಮಾಡಿದರು.

ಒಪ್ಪಿಸುವುದಕ್ಕೆ ಎರಡು ವಾರ ಇರುವಾಗ ಕಚೇರಿಯ ಅಧಿಕಾರಿಯೊಬ್ಬರು ನೋಡಲು ಬಂದರು. ಒಳ್ಳೆಯ ಮನುಷ್ಯರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದರು. ಡೆಕ್ಕಿನ ತುಂಡುಗಳನ್ನು ಒಂದೊಂದೇ ಎತ್ತಿ ನೋಡಿ, ಇಷ್ಟು ಚೊಕ್ಕ ಕೆಲಸ ನಾನು ನೋಡಿಲ್ಲ ಎಂದರು. ಸತ್ತವರ ಹೆಸರಿನ ಪಟ್ಟಿ ಹಿಡಿದು ಗೊಂಬೆಗಳನ್ನು ಎಣಿಸಿದರು. ಇಂಜಿನ್ ಕೋಣೆಯಲ್ಲಿ ಏಳು ಇರಬೇಕು, ಆರೇ ಇವೆಯಲ್ಲ ಎಂದು ಕೇಳಿದಾಗ ಮಾವ ಮೂತಿಯ ಕಡೆಯ ಮುಚ್ಚಳ ಎತ್ತಿ ತೋರಿಸಿದರು. ಅಧಿಕಾರಿ ಆ ಮುಚ್ಚಳವನ್ನು ತಾವೇ ಮತ್ತೆ ಕೂರಿಸಿದರು.

ಆಮೇಲೆ ಮೆತ್ತಗೆ ಹೇಳಿದರು. ದಾಖಲೆಯಲ್ಲಿ ಆ ದಿನ ಲಾಕಪ್ಪಿನಲ್ಲಿ ಯಾರೂ ಇರಲಿಲ್ಲ. ಇದ್ದರು ಎಂದರೆ ಕೀಲಿ ಯಾರ ಹತ್ತಿರ ಇತ್ತು ಎಂಬ ಪ್ರಶ್ನೆ ಏಳುತ್ತದೆ. ಆ ಕಾವಲಿನವನೂ ಈ ಮೂವತ್ತೆಂಟರಲ್ಲಿ ಒಬ್ಬ, ಅವನಿಗೂ ತಾಯಿ ಇದ್ದಾಳೆ, ಒಪ್ಪಿಸುವ ದಿನ ಅವಳೂ ಬರುತ್ತಾಳೆ. ಹೀಗೇ ಇದ್ದರೆ ಹಡಗನ್ನು ತೆಗೆದುಕೊಳ್ಳಲು ತಮ್ಮಿಂದ ಆಗುವುದಿಲ್ಲ.

“ಸತ್ಯ ಇದು,” ಎಂದರು ಮಾವ.

“ಇರಬಹುದು ಯಜಮಾನ್ರೇ. ಇನ್ನೊಂದು ಮಾತು, ತಪ್ಪು ತಿಳೀಬೇಡಿ. ಈಯಮ್ಮನಿಗೆ ಬರ್ತಿರೋ ಪಿಂಚಣಿ ಕರ್ತವ್ಯದಲ್ಲಿದ್ದು ಸತ್ತವರದ್ದು. ಶಿಕ್ಷೇಲಿದ್ದವರದ್ದಲ್ಲ.” ಅವರು ಸೊಸೆಯ ಕಡೆ ನೋಡದೆ ಮಗುವಿನ ಕಡೆ ನೋಡಿದರು.

ಅವರು ಹೋದ ಮೇಲೆ ನಾದಿನಿ ಹಡಗನ್ನು ಒಲೆಗೆ ಹಾಕಿ ಎಂದಳು. ಸೊಸೆ ಪಿಂಚಣಿ ಬೇಡ, ನನಗೆ ಕೆಲಸ ಇದೆ, ಹೇಗಿದೆಯೋ ಹಾಗೇ ಇರಲಿ ಮಾವ ಎಂದಳು. ಅವಳಿಗೆ ಪಿಂಚಣಿ ಬೇಕಾಗಿತ್ತು. ಅತ್ತೆ ಮಾತ್ರ ಮೂತಿಯ ಕಡೆ ಬಗ್ಗಿ, ಲಾಕಪ್ಪಿನೊಳಗೆ ಮುಷ್ಟಿ ಎತ್ತಿ ನಿಂತವನನ್ನು ನೋಡುತ್ತಿದ್ದರು. ಆ ಮುಚ್ಚಳ ತೆಗೆದು ಅವರು ನೋಡಿದ್ದು ಅದೇ ಮೊದಲು.

“ಮೂವತ್ತೇಳು ಮನೆಯವರಿಗೆ ಬನ್ನಿ ಅಂತ ಹೇಳಿ ಆಗಿದೆ,” ಎಂದಷ್ಟೇ ಹೇಳಿ ಮಾವ ಎದ್ದರು.

ಮುಂದಿನ ನಾಲ್ಕು ದಿನದಲ್ಲಿ ಅವರು ಮೂವತ್ತೊಂಬತ್ತನೆಯ ಗೊಂಬೆ ಕೆತ್ತಿದರು. ಅಗಲ ಹೆಗಲು, ಎಡಗೈ ಚಕ್ರದ ಮೇಲೆ, ಮುಖ ಮೇಲಕ್ಕೆ. ಅತ್ತೆ ಮೊದಲು ಕೇಳಿದ್ದ ಹಾಗೆಯೇ. ಅದನ್ನು ಇಂಜಿನ್ ಕೋಣೆಯಲ್ಲಿ ಏಳನೆಯವನಾಗಿ ನಿಲ್ಲಿಸಿದರು. ಕೂದಲೆಳೆ ಸುಳ್ಳು ಸಹಿಸದ ಕೈ ಆ ಇಡೀ ಸುಳ್ಳನ್ನು ಎಷ್ಟು ಚೆನ್ನಾಗಿ ಮಾಡಿತ್ತೆಂದರೆ, ಉಳಿದ ಆರು ಮಂದಿಗಿಂತ ಅವನೇ ಜೀವಂತವಾಗಿ ಕಾಣುತ್ತಿದ್ದ.

ಲಾಕಪ್ಪಿನಲ್ಲಿದ್ದವನನ್ನು ಅವರು ತೆಗೆಯಲಿಲ್ಲ. ಭಾನುವಾರ ಮಧ್ಯಾಹ್ನ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಾಗ, ಮಾವ ಸೊಸೆಯನ್ನು ಕರೆದು ದೀಪ ಹಿಡಿ ಎಂದರು. ಉಳಿದ ಮುಚ್ಚಳಗಳೆಲ್ಲ ಎತ್ತಿದರೆ ಬರುತ್ತವೆ. ಮೂತಿಯದೊಂದನ್ನು ಅಂಟು ಹಾಕಿ ಕೂರಿಸುವುದು. ಒಳಗೆ ಯಾರಿದ್ದಾರೆಂದು ಯಾರಿಗೂ ಕಾಣಬೇಕಾಗಿಲ್ಲ. ಇದ್ದರೆ ಸಾಕು.

ಅಂಟು ಸವರುವ ಮೊದಲು ಅವರು ಚಿಮಟದಿಂದ ಅಗುಳಿಯನ್ನು ಹಿಡಿದರು. ಹಿಂದಕ್ಕೆ ಎಳೆದರು. ಬಾಗಿಲು ತೆರೆದುಕೊಂಡಿತು. ದೀಪದ ಬೆಳಕು ಕೋಣೆಯೊಳಗೆ ಬಿತ್ತು. ಅವರು ಹಾಗೇ ನೋಡುತ್ತ ಕೂತರು. ಬಿಟ್ಟುಬಿಡಿ ಮಾವ, ಹಾಗೇ ಇರಲಿ ಎನ್ನಬೇಕೆಂದು ಅವಳ ಬಾಯಿಗೆ ಬಂತು. ಅನ್ನಲಿಲ್ಲ.

“ತೆಗೆದಿರ್ಲಿಲ್ಲವಲ್ಲ,” ಎಂದರು ಅವರು, ಯಾರಿಗೋ ಉತ್ತರ ಕೊಡುವವರಂತೆ. ಅಗುಳಿಯನ್ನು ಮುಂದಕ್ಕೆ ತಳ್ಳಿದರು. ಬೀಗ ಸಿಕ್ಕಿಸಿದರು. ಮುಚ್ಚಳ ಕೂರಿಸಿ, ಅಂಟು ಹಿಡಿಯುವವರೆಗೆ ಎರಡೂ ಅಂಗೈಗಳಿಂದ ಒತ್ತಿ ಹಿಡಿದರು. ಅವಳೂ ದೀಪ ಕೆಳಗಿಟ್ಟು ಮೇಲಿನಿಂದ ತನ್ನ ಕೈ ಒತ್ತಿದಳು. ಗಡಿಯಾರ ನೋಡಿ ಇಪ್ಪತ್ತು ನಿಮಿಷ.

ಹಡಗು ಒಯ್ಯುವ ಗಾಡಿ ಮರುದಿನ ಬೆಳಿಗ್ಗೆ ಬರುವುದಿತ್ತು. ಆ ಸಂಜೆ ನಾದಿನಿಗೂ ರಜೆ. ಐವರೂ ಅಡಿಗೆಮನೆಯಲ್ಲಿ ಒಟ್ಟಿಗೇ ಊಟಕ್ಕೆ ನಿಂತರು. ಸೊಸೆ ಮಾತ್ರ ವಾಡಿಕೆಯಂತೆ ಒಲೆಯ ಹಿಂದೆ ಸರಿದು, ಬಡಿಸುವುದು ಮುಗಿಯಲಿ ಎಂದು ಕಾದಳು. ನಾಳೆ ಯಾವ ಸೀರೆ ಉಡುತ್ತೀ ಎಂದು ನಾದಿನಿ ತಾಯಿಯನ್ನು ಕೇಳಿದಳು. ಅತ್ತೆ ಗಂಡನ ಕಡೆ ತಿರುಗಿದರು.

“ಮುಚ್ಚಿದಿರಂತೆ.”

“ಮುಚ್ಚಿದೆ.”

“ಅವನು ಅಲ್ಲೇ ಇದಾನಾ?”

“ಅಲ್ಲೇ ಇದಾನೆ.”

ಅತ್ತೆ ತಟ್ಟೆಯಲ್ಲಿ ಅನ್ನ ಕಲೆಸುತ್ತಿದ್ದರು, ಬಾಯಿಗೆ ಇಡುತ್ತಿರಲಿಲ್ಲ. “ಬಾಗಿಲು?” ಎಂದು ಕೇಳಿದರು. “ಬಾಗಿಲು ತೆಗೆದಿಟ್ರಾ, ಹಾಕಿದ್ರಾ?”

ಮಾವನ ಬಾಯಲ್ಲಿ ತುತ್ತಿತ್ತು. ಅವರು ಅಗಿಯುವುದನ್ನು ನಿಲ್ಲಿಸಿದರು. ನಲವತ್ತೈದು ವರ್ಷದ ಸಂಸಾರದಲ್ಲಿ ಅವರು ಹೆಂಡತಿಗೆ ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ.

“ತೆಗೆದಿದೆ ಅತ್ತೆ,” ಎಂದಳು ಸೊಸೆ, ಒಲೆಯ ಹಿಂದಿನಿಂದ. “ದೀಪ ಹಿಡಿದಿದ್ದು ನಾನೇ. ನಾನೇ ನೋಡಿದೆ.”

ಅತ್ತೆ ನಿಧಾನವಾಗಿ ಅವಳ ಕಡೆ ತಿರುಗಿದರು. ಮಗುವಿನ ಕಡೆಗಲ್ಲ, ಅವಳ ಕಡೆಗೇ. ಆರು ವಾರದಲ್ಲಿ ಅದು ಮೊದಲನೆಯ ಸಲ.

“ಎಷ್ಟು ತೆಗೆದಿದೆ?”

“ಒಬ್ಬ ಮನುಷ್ಯ ಆಚೆ ಬರೋಷ್ಟು.”

ಮಾವ ಅರ್ಧ ಊಟಕ್ಕೇ ತಟ್ಟೆ ಬಿಟ್ಟು, ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದರು. ಬಹಳ ಹೊತ್ತು ತೊಳೆದರು. ಅತ್ತೆ ತಮ್ಮ ತಟ್ಟೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದರು. ಇನ್ನೊಂದು ತಟ್ಟೆ ಇಟ್ಟರು. ಪಾತ್ರೆ ಎಳೆದುಕೊಂಡು ಅದಕ್ಕೆ ತಾವೇ ಬಡಿಸಿದರು, ಎರಡು ಸೌಟು, ಆಮೇಲೆ ಯೋಚಿಸಿ ಇನ್ನೊಂದು.

“ಬಾ, ತಿನ್ನು,” ಎಂದರು. “ತಣ್ಣಗಾಗುತ್ತೆ.”

ಸೊಸೆ ಬಂದು ಅವರ ಪಕ್ಕದಲ್ಲಿ ನಿಂತಳು. ಅತ್ತೆ ನೋಡುತ್ತಿದ್ದರು, ಆದ್ದರಿಂದ ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ತಿಂದಳು.